ಕಾಶಿಗೆ ಹೊರಟ ಗಾಡಿಯ ಫ್ಯೂಸು

ಪಾತಣ್ಣನ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು. ಆ ಬುಧವಾರ ದಾಸಣ್ಣನ ಗಾಡಿಯ ಫ್ಯೂಸಿಗೆ ತಾಮ್ರದ ಎಳೆ ಸುತ್ತಿದವನು ನಾನು, ಮಹಾಂತೇಶ, ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವನು. ಪಾತಣ್ಣ ಅಲ್ಲ. ಊರಲ್ಲಿ ಈಗಲೂ ಕೆಲವರು ಅವನ ಹೆಸರು ಹೇಳುತ್ತಾರೆ, ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ನನ್ನ ಅಂಗಡಿಯ ಮುಂದೆ ಒಂದು ಬೇವಿನ ಮರವಿದೆ. ಅದರ ಕೆಳಗೆ ಹದಿನೆಂಟು ವರ್ಷದಿಂದ ಪಾತಣ್ಣ ಗಾಡಿಗಳ ವೈರಿಂಗ್ ಮಾಡುತ್ತಾನೆ. ಒಂದು ಮಣೆ, ಒಂದು ಟೆಸ್ಟ್ ಲ್ಯಾಂಪು, ಶೇಂಗಾ ಎಣ್ಣೆಯ ಹಳೇ ಡಬ್ಬಿಯ ತುಂಬ ಪ್ಲೇಯರು, ಟೇಪು, ತುಂಡು ವೈರು, ಅಷ್ಟೇ ಅವನ ಕಾರ್ಖಾನೆ. ಹುಟ್ಟಿದ್ದು ಮೊಳಕಾಲ್ಮೂರಿನ ಆಚೆ ಸಿದ್ದಾಪುರದಲ್ಲಿ. ಬಂಡೆಗಳ ನಡುವೆ ಆಡು ಮೇಯಿಸುತ್ತಿದ್ದವನು ಲಾರಿಗೆ ಕ್ಲೀನರಾಗಿ ಹತ್ತಿ, ಬಳ್ಳಾರಿಯಲ್ಲಿ ಒಬ್ಬ ಉಸ್ತಾದರ ಹತ್ತಿರ ಬೈಸಿಕೊಂಡು, ಹೊಡೆಸಿಕೊಂಡು ಕೆಲಸ ಕಲಿತ. ಮನೆಯಲ್ಲಿ ಕನ್ನಡ, ಗಿರಾಕಿ ಆಂಧ್ರದವನಾದರೆ ತೆಲುಗು, ವೈರಿಂಗಿಗೆ ಬೈಯುವಾಗ ಮಾತ್ರ ಉಸ್ತಾದರ ಉರ್ದು.

ನಿಧಾನ ಅಂದರೆ ಅವನೇ. ಒಂದು ಮೊಬೈಲ್ ಹೋಲ್ಡರ್ ಕೂರಿಸಲು ಅರ್ಧ ದಿನ ತಗೊಳ್ಳುತ್ತಾನೆ. ಸವಾರನನ್ನೇ ಸೀಟಿನ ಮೇಲೆ ಕೂರಿಸಿ, ಬಿಸಿಲು ಯಾವ ಕಡೆಯಿಂದ ಬಿದ್ದರೆ ಫೋನು ಕಾಣುವುದಿಲ್ಲ, ಕಣ್ಣು ರಸ್ತೆ ಬಿಟ್ಟು ಎಷ್ಟು ಕೆಳಗೆ ಇಳಿಯುತ್ತದೆ ಎಂದೆಲ್ಲ ನೋಡುತ್ತಾನೆ. ಗಾಡಿಯ ನಡುಕ ಫೋನಿಗೆ ತಾಗಬಾರದೆಂದು ಕ್ಲಾಂಪಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಡುತ್ತಾನೆ. ನನಗೋ ತಲೆ ಕೆಟ್ಟುಹೋಗುತ್ತದೆ. "ಪಾತಣ್ಣ, ನೀನು ಗಾಡಿ ರಿಪೇರಿ ಮಾಡ್ತೀಯೋ, ಇಲ್ಲ ಅದಕ್ಕೆ ಮದುವೆ ಮಾಡ್ತೀಯೋ?" ಎಂದು ರೇಗುತ್ತಿದ್ದೆ. ಅವನು ನಗುತ್ತಿದ್ದ, ಕೈ ಮಾತ್ರ ಅವಸರ ಮಾಡುತ್ತಿರಲಿಲ್ಲ.

ಆ ನಿಧಾನಕ್ಕೆ ಕಾರಣ ಒಮ್ಮೆ ಅವನೇ ಹೇಳಿದ್ದ. ಹತ್ತೊಂಬತ್ತರ ವಯಸ್ಸಿನಲ್ಲಿ, ಊರಲ್ಲಿ, ತನ್ನ ಸ್ವಂತ ಅಣ್ಣ ಚಿನ್ನಯ್ಯನ ಟ್ರಾಕ್ಟರಿಗೆ ಫ್ಯೂಸ್ ಸಿಗದೆ ತಾಮ್ರದ ಎಳೆ ಸುತ್ತಿ ಕೊಟ್ಟಿದ್ದನಂತೆ. ನಮ್ಮ ಕಡೆ ಯಾರು ಸುತ್ತುವುದಿಲ್ಲ ಹೇಳಿ? ಫ್ಯೂಸಿನ ಕೆಲಸವೇ ಸಾಯುವುದು. ವೈರು ಎಲ್ಲಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದರೆ ಫ್ಯೂಸು ತಾನು ಸುಟ್ಟು ಗಾಡಿಯನ್ನು ಉಳಿಸುತ್ತದೆ. ತಾಮ್ರದ ಎಳೆ ಸಾಯುವುದಿಲ್ಲ, ಗಾಡಿ ಸುಡುತ್ತದೆ. ಶೇಂಗಾ ಹೊಟ್ಟು ತುಂಬಿದ ಟ್ರಾಕ್ಟರು ಹತ್ತಿಕೊಂಡಿತು. ಚಿನ್ನಯ್ಯ ಬದುಕಿದ, ಎರಡೂ ಕೈಯ ಬೆರಳು ಮಾತ್ರ ಬೆಂದು ಕೂಡಿಕೊಂಡವು. ಅಂದಿನಿಂದ ಪಾತಣ್ಣ ಫ್ಯೂಸಿಲ್ಲದೆ ಗಾಡಿ ಬಿಟ್ಟವನಲ್ಲ. ಇದನ್ನೆಲ್ಲ ಕೇಳಿಯೂ ನಾನು ಮಾಡಿದ್ದನ್ನು ಮಾಡಿದೆ ನೋಡಿ.

ದಾಸಣ್ಣ ಎಂದರೆ ಮೂವತ್ತೆರಡು ವರ್ಷ ಚಳ್ಳಕೆರೆ, ಮೊಳಕಾಲ್ಮೂರು, ರಾಯದುರ್ಗ ಎಂದು ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೆ ಎಲ್ಲರೂ ಗುಡಿಕಟ್ಟೆಗೆ ಹೋದರೆ ಇವರು ದೂರದ ಪ್ರಯಾಣದ ದೊಡ್ಡ ಬೈಕು ತಂದರು. ಹೆಂಡತಿ ರಾಧಮ್ಮನನ್ನು ಹಿಂದೆ ಕೂರಿಸಿಕೊಂಡು ಕಾಶಿಗೆ ಹೋಗುವುದಂತೆ! ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಫೋನು, ದಾರಿ ತೋರಿಸುವುದೂ ಅದೇ.

"ಪಾತ, ಧರ್ಮಶಾಲೇಲಿ ಪ್ಲಗ್ಗು ಸಿಗದಿದ್ರೂ ಫೋನು ಚಾರ್ಜಾಗ್ಬೇಕು ಕಣಪ್ಪ. ಕೀ ತೆಗೆದ್ರೂ ಕರೆಂಟು ಇರ್ಬೇಕು," ಎಂದಿದ್ದರು. ಹಾಗಾಗಿ ಪಾತಣ್ಣ ಸೀಟಿನ ಕೆಳಗಿನ ಬ್ಯಾಟರಿಯಿಂದ ನೇರವಾಗಿ ಲೈನು ಎಳೆದ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಹಾಯಿಸಿ ಹ್ಯಾಂಡಲಿಗೆ ತಂದು, ಚಾರ್ಜರು ಮತ್ತು ಮಂಜಿನಲ್ಲಿ ದಾರಿ ಕಾಣಿಸುವ ಎರಡು ಮಂಜುದೀಪಗಳಿಗೆ ಕೊಟ್ಟ.

ಬುಧವಾರ ಹನ್ನೊಂದು ಗಂಟೆಗೆ ಎಪಿಎಂಸಿ ಗೇಟಿನಲ್ಲಿ ಶೇಂಗಾ ಲಾರಿಯೊಂದು ಅಡ್ಡ ನಿಂತು ಸ್ಟಾರ್ಟ್ ಆಗುತ್ತಿಲ್ಲವೆಂದು ಪಾತಣ್ಣನಿಗೆ ಕರೆ ಬಂತು. ಅವನು ಎದ್ದು ನನ್ನನ್ನು ಕೇಳಿದ.

"ಸಾವ್ಕಾರ್ರೇ, ಹತ್ತು ಆಂಪ್ಸಿಂದು ಗಾಜಿನ ಫ್ಯೂಸ್ ಐತೇನ್ರಿ?"

"ಮುಗಿದೈತೆ ಪಾತಣ್ಣ."

"ಬರೋವಾಗ ನಾನೇ ತರ್ತೀನಿ ಬಿಡ್ರಿ. ಹ್ಯಾಂಡಲ್ ಕೆಳಗೆ ವೈರು ಇನ್ನೂ ಕಟ್ಟಿಲ್ಲ. ಗಾಡಿ ಮುಟ್ಬೇಡ್ರಿ."

ಹನ್ನೊಂದೂ ಮುಕ್ಕಾಲಿಗೆ ದಾಸಣ್ಣ, ರಾಧಮ್ಮ ಬಂದರು. ರಾಧಮ್ಮನ ಕೈಯಲ್ಲಿ ಚಕ್ರದ ಕೆಳಗಿಡಲು ನಿಂಬೆಹಣ್ಣು. "ಹನ್ನೆರಡಕ್ಕೆ ರಾಹುಕಾಲ ಹತ್ತುತ್ತೆ ಸಾವ್ಕಾರ್ರೇ, ಅಷ್ಟರೊಳಗೆ ಗಾಡಿ ಕದಲಬೇಕು. ಮೊಳಕಾಲ್ಮೂರಲ್ಲಿ ದ್ರಾಕ್ಷಾಯಣಮ್ಮನ ಹತ್ರ ಕಾಶಿ ಅಮ್ಮನವರಿಗೆ ಸೀರೆ ನೇಯಿಸಿದೀನಿ, ಇಸ್ಕೊಂಡು ಹೋಗ್ಬೇಕು," ಎಂದರು ಆಯಮ್ಮ. ಪಾತಣ್ಣನಿಗೆ ಫೋನು ಮಾಡಿದೆ. ಲಾರಿಯ ಅಡಿಯಲ್ಲಿದ್ದನೋ ಏನೋ, ಎತ್ತಲಿಲ್ಲ. ದಾಸಣ್ಣ ಒಮ್ಮೆ ಗಡಿಯಾರ, ಒಮ್ಮೆ ಪಾತಣ್ಣ ಬರುವ ರಸ್ತೆ ನೋಡುತ್ತಾ ನಿಂತರು. ಒಂದು ಫ್ಯೂಸಿಗೆ ಇಷ್ಟು ರಾಮಾಯಣವೇ ಅನ್ನಿಸಿತು ನನಗೆ. ಡಬ್ಬಿಯಲ್ಲಿದ್ದ ಸುಟ್ಟ ಫ್ಯೂಸೊಂದನ್ನು ತೆಗೆದು, ತುಂಡು ವೈರು ಸುಲಿದು, ನಾಲ್ಕು ಎಳೆ ತಾಮ್ರ ಸುತ್ತಿ ಕೂರಿಸಿದೆ. ಫೋನು ಚಾರ್ಜಾಗತೊಡಗಿತು, ದೀಪ ಹತ್ತಿತು. "ಹೋಗ್ಬನ್ನಿ, ನಮ್ಮ ಹೆಸರಲ್ಲೂ ಒಂದು ಮುಳುಗು ಹಾಕ್ರಿ," ಎಂದು ದೊಡ್ಡ ಮನುಷ್ಯನ ಹಾಗೆ ಕೈ ಬೀಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮವ್ವ ಸುಮ್ಮನೆ ಹೇಳುತ್ತಿರಲಿಲ್ಲ.

ಹನ್ನೆರಡೂವರೆಗೆ ಪಾತಣ್ಣ ಬಂದ. ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿದ ಫ್ಯೂಸು ತೆಗೆಯುತ್ತಾ, "ಗಾಡಿ ಎಲ್ಲೈತ್ರಿ?" ಎಂದ.

"ಕಳಿಸಿದೆ. ರಾಹುಕಾಲ ಅಂದ್ರು."

"ಫ್ಯೂಸು?"

"ಹಾಕಿದೆ."

"ಯಾವ ಫ್ಯೂಸು?"

ಅವನು ನೆಲ ನೋಡಿದ. ಸುಲಿದ ವೈರಿನ ಕೆಂಪು ಸಿಪ್ಪೆ ಮಣೆಯ ಪಕ್ಕದಲ್ಲೇ ಬಿದ್ದಿತ್ತು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನ ತುಟಿ ಬೆಳ್ಳಗಾಯಿತು. "ಇಬ್ರೂ ಹೋಗ್ತಾರಲ್ರೀ... ಟ್ಯಾಂಕಿನ ಕೆಳಗೈತೆ ವೈರು," ಎಂದಷ್ಟೇ ಹೇಳಿ ನನ್ನ ಬೈಕಿನ ಹಿಂದೆ ಕೂತುಬಿಟ್ಟ.

ಅಂಗಡಿಯ ಬಾಗಿಲೂ ಹಾಕದೆ ಹೊರಟೆವು. ಪಾತಣ್ಣ ಹಿಂದೆ ಕೂತು ದಾಸಣ್ಣನ ನಂಬರಿಗೆ ಒಂದೇ ಸಮನೆ ಫೋನು ಹಚ್ಚುತ್ತಿದ್ದ. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಎತ್ತುವುದೆಲ್ಲಿ? ಮೂವತ್ತೆರಡು ವರ್ಷ ಸ್ಟೀರಿಂಗ್ ಹಿಡಿದು ಒಮ್ಮೆಯೂ ಫೋನು ಎತ್ತಿಲ್ಲವೆಂದು ಡಿಪೋದಲ್ಲಿ ಹಾರ ಹಾಕಿಸಿಕೊಂಡ ಮನುಷ್ಯ! ನಾವೇ ಕೂರಿಸಿದ ಹೋಲ್ಡರಿನಲ್ಲಿ, ಅವರ ಕಣ್ಣೆದುರೇ, ಆ ಫೋನು ಬಡಿದುಕೊಳ್ಳುತ್ತಿರಬೇಕು.

ತಳಕಿನಲ್ಲಿ ಪಂಕ್ಚರ್ ಅಂಗಡಿಯ ಗಾದ್ರಪ್ಪ ಪಾತಣ್ಣನಿಗೆ ಬೇಕಾದವನು. ಅವನಿಗೆ ಫೋನು ಮಾಡಿ, "ಮಂಜುದೀಪ ಇರೋ ದೊಡ್ಡ ಗಾಡಿ, ಗಂಡ ಹೆಂಡ್ತಿ ಬರ್ತಾರೆ, ಅಡ್ಡ ಹಾಕಲೇ," ಎಂದ. ಎರಡೇ ನಿಮಿಷಕ್ಕೆ ಗಾದ್ರಪ್ಪನೇ ತಿರುಗಿ ಮಾಡಿದ.

"ಲೇ ಪಾತ, ಅವ್ರು ಆಗ್ಲೇ ಹೋದ್ರಲ್ಲೋ! ಬಸ್ಸಿನ ದಾಸಣ್ಣ ಹೊಂಟ್ರು ಅಂತ ಊರಲ್ಲಿ ಎಲ್ರೂ ಕೈ ಬೀಸಿದ್ವಿ. ಆಯಮ್ಮಾನೂ ಟಾಟಾ ಮಾಡ್ತು."

ನನಗೆ ಅಳು ಬರುವ ಹಾಗಾಯಿತು. ತಳಕು ದಾಟಿದೆವು. ಬಿ.ಜಿ. ಕೆರೆಯ ಹತ್ತಿರ ಬರುವಾಗ ರಸ್ತೆಯ ಬಲಕ್ಕೆ, ದೂರದಲ್ಲಿ, ಕಪ್ಪು ಹೊಗೆ ಎದ್ದಿತ್ತು. ನನ್ನ ಕೈಯಿಂದ ಹ್ಯಾಂಡಲು ಜಾರಿ ಗಾಡಿ ಓಲಾಡಿತು. ಪಾತಣ್ಣ ನನ್ನ ಭುಜವನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದ. ಹತ್ತಿರ ಹೋದರೆ ಹೊಲದಲ್ಲಿ ಯಾರೋ ಹಳೇ ಟೈರು ಸುಡುತ್ತಿದ್ದರು. ಆ ಪುಣ್ಯಾತ್ಮನಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಪಾಪ, ಅವನೇನು ಮಾಡಿದ್ದ?

ಹಾನಗಲ್ ಎಂಬ ಹಳ್ಳಿಯ ಕ್ರಾಸಿನಲ್ಲಿ ಮೊಳಕಾಲ್ಮೂರಿನ ಕಡೆ ತಿರುಗುವಾಗ ಪಾತಣ್ಣ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ಅಲ್ಲಿ ನೀವು ಬಾಯಿ ಬಿಡಬ್ಯಾಡ್ರಿ. ವೈರು ಎಳೆದೋನು ನಾನು. ಕೆಲಸ ನಂದು."

"ಅದು ಹೆಂಗಾಗ್ತೈತೆ ಪಾತಣ್ಣ?"

"ಸುಮ್ನೆ ಓಡಿಸ್ರಿ."

ಸೀರೆ ನೇಯುವ ದ್ರಾಕ್ಷಾಯಣಮ್ಮನ ಮನೆ ನನಗೆ ಗೊತ್ತಿತ್ತು, ನನ್ನ ಹೆಂಡತಿಯೂ ಅಲ್ಲೇ ತರುವುದು. ಇಕ್ಕಟ್ಟಾದ ಓಣಿ, ಮನೆ ಮನೆಯಲ್ಲೂ ಮಗ್ಗದ ಸದ್ದು. ದೂರದಿಂದಲೇ ಗಾಡಿ ಕಂಡಿತು. ಬಿಸಿಲಿಗೆ ಟ್ಯಾಂಕು ಕಾಯುತ್ತದೆಂದು ದಾಸಣ್ಣ ಅದನ್ನು ಮನೆಯ ಮುಂದಿನ ಚಪ್ಪರದೊಳಗೆ ನಿಲ್ಲಿಸಿದ್ದರು. ತಲೆಯ ಮೇಲೆ ತೆಂಗಿನ ಗರಿ, ಎರಡು ಮಾರು ದೂರದಲ್ಲಿ ಬಾಗಿಲು, ಒಳಗೆ ಮರದ ಮಗ್ಗ, ರೇಷ್ಮೆ ನೂಲು. ಜವಾಬ್ದಾರಿಯ ಮನುಷ್ಯನಲ್ಲವೇ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬೀಗ ಹಾಕಿ, ಫೋನನ್ನು ಹೋಲ್ಡರಿನಲ್ಲೇ ಚಾರ್ಜಿಗೆ ಬಿಟ್ಟು ಹೋಗಿದ್ದರು. ಕಟ್ಟದೆ ಬಿಟ್ಟ ವೈರು ಹ್ಯಾಂಡಲಿಗೂ ಚಾಸಿಗೂ ನಡುವೆ ಸಿಕ್ಕಿ ನಜ್ಜಿಹೋಗಿತ್ತು.

ಟ್ಯಾಂಕಿನ ಮುಂಭಾಗದಿಂದ ಊದುಕಡ್ಡಿಯಷ್ಟು ತೆಳ್ಳಗೆ ಹೊಗೆ ಬರುತ್ತಿತ್ತು.

ನಾನು ಗಾಡಿಯನ್ನು ಬ್ರೇಕು ಹಾಕಿ ನಿಲ್ಲಿಸಿದ್ದು ನೆನಪಿದೆ, ಕಾಲು ನೆಲಕ್ಕೆ ಊರಿದ್ದು ನೆನಪಿದೆ. ಆಮೇಲೆ ಕಲ್ಲಾದೆ. ನೀರು ಎಂದು ಕೂಗಲೋ, ಓಡಲೋ, ಏನೂ ತಿಳಿಯಲಿಲ್ಲ. ಸೀಟು ತೆಗೆದರೆ ಬ್ಯಾಟರಿ ಬಿಚ್ಚಬಹುದು, ಆದರೆ ಸೀಟಿನ ಕೀ ದಾಸಣ್ಣನ ಜೇಬಿನಲ್ಲಿ. ಪಾತಣ್ಣ ಅಷ್ಟೊತ್ತಿಗೆ ಚಪ್ಪರದೊಳಗಿದ್ದ. ಬಲಗೈಯನ್ನು ಟ್ಯಾಂಕಿನ ಕೆಳಗೆ ತೂರಿಸಿ, ಕಾದು ಕರಗುತ್ತಿದ್ದ ಆ ವೈರನ್ನು ಬರಿಗೈಯಲ್ಲಿ ಹಿಡಿದು ಜಗ್ಗಿದ. ಬರಲಿಲ್ಲ. ಹಲ್ಲು ಕಚ್ಚಿ ಕಾಲನ್ನು ಎಂಜಿನ್ನಿಗೆ ಒತ್ತುಕೊಟ್ಟು ಇನ್ನೊಮ್ಮೆ ಜಗ್ಗಿದ. ಚಟ್ಟನೆ ಕಿಡಿ ಹಾರಿ ವೈರು ಕಿತ್ತು ಬಂತು. "ಯವ್ವಾ!" ಎಂದ ಒಂದೇ ಸಲ. ಹೊಗೆ ನಿಂತಿತು. ಕರಗಿದ ವೈರಿನ ಸಿಪ್ಪೆ ಅವನ ಅಂಗೈಗೇ ಅಂಟಿಕೊಂಡಿತ್ತು.

ಕೂಗು ಕೇಳಿ ಎಲ್ಲರೂ ಹೊರಗೆ ಬಂದರು. ರಾಧಮ್ಮನ ಕೈಯಲ್ಲಿ ಮಡಿಕೆ ಮುರಿಯದ ಹೊಸ ಸೀರೆ. ದಾಸಣ್ಣ ಗಾಡಿ ನೋಡಿದರು, ಕಪ್ಪಾದ ಟ್ಯಾಂಕಿನ ಅಂಚು ನೋಡಿದರು, ವೈರಿನ ವಾಸನೆ ಹಿಡಿದರು. ಡ್ರೈವರಲ್ಲವೇ, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಏನ್ಲೇ ಇದು ಪಾತ? ಫ್ಯೂಸು ಎಲ್ಲೋ?"

"ತಪ್ಪಾತು ದಾಸಣ್ಣ. ಅವಸರದಾಗೆ ತಾಮ್ರ ಸುತ್ತಿಬಿಟ್ಟೆ."

"ಹೆಂಡ್ತೀನ ಹಿಂದೆ ಕೂರಿಸ್ಕೊಂಡು ಹೊಂಟಿದ್ದೆ ಕಣಲೇ! ದಾರೀಲಿ ಹತ್ಕೊಂಡಿದ್ರೆ? ಈ ಮನೆ ಹತ್ಕೊಂಡಿದ್ರೆ?" ಎನ್ನುತ್ತಲೇ ಕೈಯೆತ್ತಿ ಪಾತಣ್ಣನ ಕೆನ್ನೆಗೆ ಬಾರಿಸಿದರು. ಓಣಿಯ ಮಗ್ಗಗಳೆಲ್ಲ ನಿಂತವು. ಐವತ್ತು ದಾಟಿದ ಮನುಷ್ಯ, ಸುಟ್ಟ ಕೈಯನ್ನು ಎದೆಗೆ ಹಿಡಿದುಕೊಂಡು ನೆಲ ನೋಡುತ್ತಾ ನಿಂತ.

ಹೊಡೆತ ಬೀಳುವವರೆಗೆ ನಾನು ಸುಮ್ಮನಿದ್ದೆ. ಪಾತಣ್ಣ ಹೇಳಿದ್ದನಲ್ಲ ಎಂಬ ನೆಪ ಬೇರೆ. ನಿಜ ಹೇಳುತ್ತೇನೆ, ಒಳಗೊಳಗೇ ಸ್ವಲ್ಪ ಹಗುರವೂ ಆಗಿತ್ತು. ಆ ಏಟಿನ ಸದ್ದು ಕೇಳಿದ ಮೇಲೆ ತಡೆದುಕೊಳ್ಳಲಾಗಲಿಲ್ಲ. ಮುಂದೆ ಹೋಗಿ ಅವರಿಬ್ಬರ ನಡುವೆ ನಿಂತೆ.

"ಅವನಲ್ಲ ದಾಸಣ್ಣ. ತಾಮ್ರ ಸುತ್ತಿದ್ದು ನಾನು. ಪಾತಣ್ಣ ಮುಟ್ಬೇಡ ಅಂತ ಹೇಳಿ ಹೋಗಿದ್ದ. ನೀವು ರಸ್ತೆ ನೋಡ್ತಾ ನಿಂತಿದ್ದಾಗ ಸುತ್ತಿದ್ದು. ಹೊಡೆಯೋದಾದ್ರೆ ನನಗೆ ಹೊಡೀರಿ."

ದಾಸಣ್ಣ ನನ್ನನ್ನು ನೋಡಿದರು. ಎತ್ತಿದ ಕೈ ಹಾಗೇ ಇಳಿಯಿತು, ಮುಖದ ಸಿಟ್ಟೂ ಇಳಿಯಿತು.

"ಅಯ್ಯೋ, ನೀವಾ ಸಾವ್ಕಾರ್ರೇ?" ಎಂದರು. "ಬಿಡ್ರಿ, ಬಿಡ್ರಿ. ನೀವೇನು ಬೇಕಂತ ಮಾಡ್ತೀರಾ? ನಾನೇ ಅವಸರ ಮಾಡಿದ್ದು. ಮನುಷ್ಯ ಅಂದ್ಮೇಲೆ ಆಗ್ತೈತೆ. ದ್ರಾಕ್ಷಾಯಣಮ್ಮ, ಸಾವ್ಕಾರ್ರಿಗೊಂದು ಕುರ್ಚಿ ಹಾಕಮ್ಮ, ಹೆಂಗೆ ನಡುಗ್ತಾವ್ರೆ ನೋಡು."

"ಪಾತಣ್ಣನಿಗೆ ಹೊಡೆದ್ರಲ್ಲ?" ಎಂದೆ.

"ಅವನಿಗೇನು, ನಮ್ಮ ಹುಡುಗ," ಎಂದು ನಕ್ಕರು ದಾಸಣ್ಣ. "ಏನ್ಲೇ ಪಾತ, ಬೇಜಾರೇನೋ?"

"ಇಲ್ಲ ಬಿಡ್ರಿ," ಎಂದ ಪಾತಣ್ಣ. ಕೆನ್ನೆಯ ಮೇಲೆ ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಗಾಡಿಯ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಪ್ಲೇಯರು ಹಿಡಿದು, ಸುಟ್ಟ ವೈರು ಬಿಚ್ಚತೊಡಗಿದ. ರಾಧಮ್ಮ ಬಂದು ಅವನ ಇನ್ನೊಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದರು.

ದ್ರಾಕ್ಷಾಯಣಮ್ಮ ಕುರ್ಚಿ ತಂದು ಸೆರಗಿನಿಂದ ಒರೆಸಿ ಹಾಕಿದರು. ಬೇಡವೆನ್ನಬೇಕಿತ್ತು. ಕೂತೆ. ಆಮೇಲೆ ಮಜ್ಜಿಗೆ ಬಂತು, ಮೊದಲ ಲೋಟ ನನಗೇ ಕೊಟ್ಟರು.