ಪಾರ್ಲರಿನ ಪ್ರಮೀಳಾ ಆಗುವುದಿಲ್ಲ ಎಂದದ್ದು

ನಲವತ್ತು ವರ್ಷ ಮೀನು ಮಾರಿದ ನನ್ನ ಬಾಯಿ ಮೂರು ವಾರದ ಹಿಂದೆ ಕುಂದಾಪುರದ ಒಂದು ಬ್ಯೂಟಿ ಪಾರ್ಲರಿನಲ್ಲಿ ಕಟ್ಟಿಹೋಯಿತು. ಪೊಲೀಸರ ಎದುರು ಕಟ್ಟಿದ ಬಾಯಲ್ಲ ಇದು. ಚೌಕಾಸಿಗೆ ನಿಂತ ಹೋಟೆಲಿನವರ ಎದುರೂ ಕಟ್ಟಿರಲಿಲ್ಲ. ಗುಲಾಬಿ ಬಣ್ಣದ ಗೋಡೆಯ ಆ ಸಣ್ಣ ಕೋಣೆಯಲ್ಲಿ ಕಟ್ಟಿತು.

ಹೇಳಬೇಕಾಗಿದ್ದದ್ದು ಒಂದೇ ಮಾತು. "ಇವಳು ಬಸುರಿ."

ಹೇಳಲಿಲ್ಲ.

ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವಳು ಶ್ವೇತಾ, ನನ್ನ ಮಗಳ ಮಗಳು. ಮಗಳು, ಅಳಿಯ ಮುಂಬೈಯಲ್ಲಿ ಕ್ಯಾಂಟೀನು ನಡೆಸುವುದರಿಂದ ಈ ಹುಡುಗಿ ಸಣ್ಣದರಿಂದ ಕೋಟದಲ್ಲಿ ನನ್ನ ಹತ್ತಿರವೇ ಬೆಳೆದದ್ದು. ಈಗ ಮದುವೆಯಾಗಿ ಕಿರಿಮಂಜೇಶ್ವರದಲ್ಲಿದ್ದಾಳೆ. ಬಸುರು ನಿಂತ ಮೇಲೆ ವಾಂತಿ ಜಾಸ್ತಿಯೆಂದು, ಅತ್ತೆಯ ಹತ್ತಿರ ಬೇರೆ ನೆಪ ಹೇಳಿ, ಸ್ವಲ್ಪ ದಿನ ನನ್ನ ಮನೆಗೆ ಬಂದಿದ್ದಳು. ಆಗ ಎರಡು ತಿಂಗಳು ತುಂಬಿ ನಾಲ್ಕೈದು ದಿನ ಆಗಿತ್ತು.

ಹಾಗಿರುವಾಗ ಪಾರ್ಲರಿಗೆ ಏಕೆ? ಅವಳ ನಾದಿನಿಯ ಮದುವೆ ಹತ್ತಿರ ಬಂದಿತ್ತು. ಈಗಿನ ಮದುವೆಯಲ್ಲಿ ಊಟಕ್ಕೆ ಕೂತವರಿಗಿಂತ ಕ್ಯಾಮೆರಾ ಹಿಡಿದವರೇ ಹೆಚ್ಚು. (ಒಂದು ಕ್ಯಾಮೆರಾ ತಲೆಯ ಮೇಲೆ ಗಿಡುಗನ ಹಾಗೆ ಹಾರುತ್ತದೆ. ಎಲೆಯ ಮೇಲಿನ ಹೋಳಿಗೆಯನ್ನು ಎತ್ತಿಕೊಂಡು ಹೋಗದಿದ್ದರೆ ಸಾಕು.) ಬಸುರಾದ ಮೇಲೆ ಶ್ವೇತಾಳ ತುಟಿ ಕಪ್ಪಾಗಿತ್ತು, ಒಡೆದಿತ್ತು. ಗಂಡನ ಕಡೆಯ ಯಾರೋ "ತುಟಿ ಎಂತ ಸುಟ್ಕಂಡದ್ದಾ?" ಎಂದು ಕೇಳಿದರಂತೆ. ಕೇಳಿದವರು ಮರೆತಿರುತ್ತಾರೆ. ಇವಳು ಎರಡು ದಿನ ಕನ್ನಡಿ ಬಿಟ್ಟು ಏಳಲಿಲ್ಲ.

ಆಮೇಲೆ ಫೋನಿನಲ್ಲಿ ಹುಡುಕಿದಳು. ಸೂಜಿಯಿಂದ ಚುಚ್ಚಿ ತುಟಿಯ ಒಳಗೇ ಬಣ್ಣ ತುಂಬಿಸುತ್ತಾರಂತೆ. ಮುಖ ತೊಳೆದರೂ ಹೋಗುವುದಿಲ್ಲ, ಉಂಡರೂ ಹೋಗುವುದಿಲ್ಲ, ಒಂದೆರಡು ವರ್ಷ ಇರುತ್ತದಂತೆ. ಹಚ್ಚೆಯೇ ಬಿಡಿ, ಹೆಸರು ಮಾತ್ರ ಇಂಗ್ಲಿಷಿನಲ್ಲಿ ಉದ್ದ ಇದೆ. ನನ್ನ ಎರಡೂ ಮುಂಗೈ ತುಂಬ ಹಚ್ಚೆ ಇದೆ. ಬೇಡ ಎನ್ನಲು ನನಗೆ ಯಾವ ಮುಖ? ಕುಂದಾಪುರದಲ್ಲಿ ಮಾಡುವವರು ಇದ್ದಾರೆ ಎಂದಳು. ಬಸ್ಸು ಹತ್ತಿದೆವು.

ಪಾರ್ಲರಿನ ಪ್ರಮೀಳಾ ಮುಂಬೈಯಲ್ಲಿ ಕೆಲಸ ಕಲಿತು ಬಂದವಳು. ನಮ್ಮ ಹಾಗೆ ಕಡಲಬದಿಯ ಮನೆಯವಳೇ. ಮೂವತ್ತೈದು ಆಗಿರಬಹುದು.

"ಬನಿ ಅಜ್ಜಿ, ಕೂಕಣಿ. ನಿಮ್ಗೂ ಎಂತಾರೂ ಮಾಡ್ಕಾ?"

"ನಂಗೆಂತ ಮಾಡ್ತೆ ನೀನ್? ಇದ್ ರಿಪೇರಿ ಆಪು ಮುಖ ಅಲ್ಲ."

"ಹಳೇ ದೋಣಿಗೂ ವರ್ಷಕ್ಕೊಂದ್ ಸಲ ಬಣ್ಣ ಹೊಡಿತ್ರಲ್ದಾ?"

ಹುಡುಗಿ ಜೋರು ಇದ್ದಾಳೆ ಅಂದುಕೊಂಡು ಕೂತೆ.

ಶ್ವೇತಾಳನ್ನು ಒರಗುಕುರ್ಚಿಯಲ್ಲಿ ಮಲಗಿಸಿ ಪ್ರಮೀಳಾ ಒಂದು ಕಾಗದ ಹಿಡಿದು ಕೇಳುತ್ತಾ ಹೋದಳು. ಶುಗರ್ ಇದೆಯಾ? ಔಷಧಿ ಯಾವುದಾದರೂ ಮೈಗೆ ಆಗುವುದಿಲ್ಲವಾ? ತುಟಿಯಲ್ಲಿ ಆಗಾಗ ಗುಳ್ಳೆ ಏಳುತ್ತದಾ? ಕೊನೆಗೆ, "ಬಸ್ರಿ ಎಂತ ಅಲ್ಲ ಅಲ್ದಾ?"

ಶ್ವೇತಾ ನನ್ನನ್ನು ನೋಡಿದಳು.

ನೋಡಿದ್ದು ಏಕೆಂದರೆ ನಮ್ಮ ಮನೆಯ ಕಾನೂನು ಅದು. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊಸಿಲು ದಾಟಬಾರದು. ದೃಷ್ಟಿಯಾಗುತ್ತದೆ. ನನ್ನ ಅತ್ತೆ ನನಗೆ ಹೇಳಿದ್ದು, ನಾನು ಮಗಳಿಗೆ ಹೇಳಿದ್ದು, ಈಗ ಈ ಹುಡುಗಿಗೆ. ಹೋದ ವರ್ಷ ಇವಳಿಗೆ ಎರಡೂವರೆ ತಿಂಗಳಿಗೆ ಒಂದು ಬಸುರು ಹೋಗಿತ್ತು. ಹಾಗಾಗಿ ಈ ಸಲ ಕಾನೂನು ಇನ್ನೂ ಬಿಗಿ. ಪಕ್ಕದ ಕುರ್ಚಿಯಲ್ಲಿ ಹುಬ್ಬಿನ ಕೂದಲು ತೆಗೆಸಿಕೊಳ್ಳಲು ಕೂತಿದ್ದವಳು ಬೇರೆ ನಮ್ಮ ಊರಿನವಳು. ಅವಳ ಕಿವಿಗೆ ಬಿದ್ದ ಮಾತಿಗೆ ಬ್ರಹ್ಮಾವರದವರೆಗೆ ಮೈಕಿನ ಅಗತ್ಯವಿಲ್ಲ.

ನಾನು ಕಣ್ಣಿನಲ್ಲೇ ಬೇಡ ಎಂದೆ.

"ಇಲ್ಲೆ," ಎಂದಳು ಶ್ವೇತಾ.

ತುಟಿಗೆ ತಾನೇ ಮಾಡುವುದು, ಹೊಟ್ಟೆಗೆ ಅಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲಾದರೂ ನಾನೇ ಎದ್ದು ನಿಂತು ಸತ್ಯ ಹೇಳಿದೆ ಎಂದು ಬರೆಯಲು ಆಸೆ ಇದೆ. ಏಳಲಿಲ್ಲ, ಹೇಳಲೂ ಇಲ್ಲ.

ಪ್ರಮೀಳಾ ಜೋಮು ಹಿಡಿಸುವ ಕ್ರೀಮಿನ ಡಬ್ಬಿ ತೆಗೆದಳು. ವಾಸನೆಗೆ ಶ್ವೇತಾಳಿಗೆ ವಾಕರಿಕೆ ಬಂತು. ಕೈಯಲ್ಲಿದ್ದ ಕರವಸ್ತ್ರವನ್ನು ಅವಸರದಲ್ಲಿ ಬಾಯಿಗೆ ಒತ್ತಿದಳು. ಅದರ ಗಂಟು ಬಿಚ್ಚಿ ಏನೋ ಟೈಲ್ಸಿನ ಮೇಲೆ ಠಣ್ ಎಂದು ಬಿತ್ತು.

ಕಬ್ಬಿಣದ ಮೊಳೆ. ನನ್ನ ಗಂಡನ ಹಳೆಯ ದೋಣಿ ಒಡೆದಾಗ ತೆಗೆದಿಟ್ಟದ್ದು. ಬಸುರಿ ಹೊರಗೆ ಹೊರಟರೆ ಜೊತೆಗೆ ಒಂದು ಚೂರು ಕಬ್ಬಿಣ ಇರಬೇಕು. ಇದೂ ನಮ್ಮ ಮನೆಯ ಕಾನೂನೇ. ಬೆಳಿಗ್ಗೆ ನಾನೇ ಕರವಸ್ತ್ರದಲ್ಲಿ ಕಟ್ಟಿಕೊಟ್ಟಿದ್ದೆ. ಒಂದು ಕಾನೂನು ಮುಚ್ಚಿಟ್ಟದ್ದನ್ನು ಇನ್ನೊಂದು ಕಾನೂನು ನೆಲಕ್ಕೆ ಕೆಡವಿತು.

ಪ್ರಮೀಳಾ ಮೊಳೆಯನ್ನು ಹೆಕ್ಕಿ ಅಂಗೈಯಲ್ಲಿಟ್ಟು ನೋಡಿದಳು. ಪೇಟೆಯ ಬೇರೆ ಯಾರಾದರೂ ಆಗಿದ್ದರೆ ಕಸದ ಬುಟ್ಟಿಗೆ ಹಾಕುತ್ತಿದ್ದರು. ಇವಳು ಮೊದಲು ಪಕ್ಕದ ಕುರ್ಚಿಯ ಕಡೆಗೆ ಪರದೆ ಎಳೆದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು, ಶ್ವೇತಾಳನ್ನಲ್ಲ, ನನ್ನನ್ನು.

"ನಂಗೂ ನಮ್ಮಮ್ಮ ಹೀಂಗಿದ್ದೇ ಒಂದ್ ಕೊಟ್ಟಿತ್ ಅಜ್ಜಿ. ಈ ಹುಡ್ಗಿಗೆ ಎಷ್ಟ್ ತಿಂಗ್ಳ್?"

ನಾನು ಎರಡು ಬೆರಳು ತೋರಿಸಿದೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಇವತ್ತ್ ಆತಿಲ್ಲೆ ತಂಗಿ. ಎದ್ಕೋ."

ಶ್ವೇತಾಳ ಕಣ್ಣು ತುಂಬಿತು. ನನಗೆ ಸಿಟ್ಟು ಬಂತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ. ಪರದೆಯ ಆಚೆ ಕೇಳದ ಹಾಗೆ ಪಿಸುದನಿಯಲ್ಲೇ ಜಗಳಕ್ಕೆ ನಿಂತೆ.

"ಎಂತಕ್ ಆತಿಲ್ಲೆ? ತುಟಿಗೂ ಹೊಟ್ಟಿಗೂ ಎಂತ ಸಂಬಂಧ? ನೀನ್ ಬಣ್ಣ ಹಾಕುದ್ ಮೇಲೆ, ಶಿಶು ಇಪ್ಪುದ್ ಕೆಳಗೆ."

"ಸೂಜಿ ಚುಚ್ಚಿರೆ ರಕ್ತ ಬತ್ತ್ ಅಜ್ಜಿ. ನಂಜಾದ್ರೆ ಮಾತ್ರೆ ಬೇಕಾತ್ತ್, ಬಸ್ರಿಗೆ ಎಲ್ಲ ಮಾತ್ರೆ ಕೊಡುಕಾಗ. ಮತ್ತೆ ಈ ಕ್ರೀಮ್, ಈ ಬಣ್ಣ. ಅದ್ ಶಿಶುಗ್ ಎಂತ ಮಾಡತ್ತ್ ಅಂದೇಳಿ ನಂಗೊತ್ತಿಲ್ಲೆ."

"ಎಂತದೂ ಆತಿಲ್ಲೆ ಅಂದ್ರೆ?"

"ಆತಿಲ್ಯೋ ಏನೋ. ಗೊತ್ತಿಲ್ದೇ ಇದ್ದದ್ನ ಬಸ್ರಿ ಮೇಲೆ ಮಾಡಿ ಕಾಂಬುಕೆ ನಾನ್ ತಯಾರಿಲ್ಲೆ."

"ನಿಂಗೆ ಗಿರಾಕಿ ಬೇಡ್ದಾ?"

"ಬೇಕ್. ಹೆರಿಗೆ ಆಯ್ಲಿ, ಹಾಲ್ ಬಿಡ್ಸಿ ಆಯ್ಲಿ, ಆಗ ಬರ್ಲಿ. ಅಂಗಡಿ ಇಲ್ಲೇ ಇರತ್ತ್."

ಮೊಳೆಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿ ಶ್ವೇತಾಳ ಕೈಯಲ್ಲಿಟ್ಟಳು. ಎರಡು ಬೀದಿ ಆಚೆ ಇರುವ ಲೇಡಿ ಡಾಕ್ಟರ ಹೆಸರು ಹೇಳಿ, ತುಟಿಯನ್ನೂ ತೋರಿಸಿ ಎಂದು ಕಳುಹಿಸಿದಳು.

ನಾಲ್ಕು ದಿನದ ಮೀನನ್ನು ಇವತ್ತಿನದು ಎಂದು ಮಾರುವವರನ್ನು ನಾನು ನೋಡಿದ್ದೇನೆ. (ನಾನೂ ಒಂದೆರಡು ಸಲ ಮಾರಿದ್ದೇನೆ. ದೇವರಿಗೆ ಗೊತ್ತಿದೆ, ನಿಮಗೂ ಗೊತ್ತಾಗಲಿ.) ಕುರ್ಚಿಯಲ್ಲಿ ಬಂದು ಮಲಗಿದ ಗಿರಾಕಿ, ತಾನೇ ಇಲ್ಲೆ ಎಂದು ಹೇಳಿದವಳು. ಪ್ರಮೀಳಾ ಕಣ್ಣು ಮುಚ್ಚಿ ಕೆಲಸ ಮುಗಿಸಿದ್ದರೆ ಯಾರು ಕೇಳುತ್ತಿದ್ದರು? ಆಗುತ್ತದೆ ಎಂದವರಿಗೆಲ್ಲ ಕೈ ಮುಗಿಯುತ್ತೇವೆ. ಆಗುವುದಿಲ್ಲ ಎಂದು ನಮ್ಮನ್ನು ಉಳಿಸಿದವರನ್ನು ಬೈದುಕೊಂಡು ಮೆಟ್ಟಿಲು ಇಳಿಯುತ್ತೇವೆ. ನಾನು ಬೈದುಕೊಂಡೇ ಇಳಿದೆ.

ಡಾಕ್ಟರಮ್ಮ ಮೊದಲು ಸ್ಕ್ಯಾನು ಮಾಡಿದರು. ನನ್ನನ್ನೂ ಒಳಗೆ ಕರೆದರು. ಪರದೆಯ ಮೇಲೆ ಒಂದು ಚುಕ್ಕಿ ಮಿಣುಕು ಮಿಣುಕು ಎನ್ನುತ್ತಿತ್ತು. "ಅದು ಹೃದಯ, ಅಜ್ಜಿ," ಎಂದರು. ಕತ್ತಲಾದ ಮೇಲೆ ಬೋಟಿನ ದೀಪ ಕಂಡರೆ ದಡದಲ್ಲಿ ನಿಂತ ಹೆಂಗಸರು ಮಾತಾಡುವುದಿಲ್ಲ. ಬೋಟು ಹತ್ತಿರ ಬರುವವರೆಗೆ ಸುಮ್ಮನೆ ನೋಡುತ್ತೇವೆ. ಹಾಗೆ ನೋಡಿದೆ.

ಆಮೇಲೆ ತುಟಿಯ ಮಾತು. ಪ್ರಮೀಳಾ ಹೇಳಿದ್ದನ್ನೇ ಡಾಕ್ಟರಮ್ಮ ಹೇಳಿದರು. ಬಸುರಿಯರ ಮೇಲೆ ಇಂಥದ್ದನ್ನು ಯಾರೂ ಸರಿಯಾಗಿ ಪರೀಕ್ಷೆ ಮಾಡಿಲ್ಲ, ಹಾಗಾಗಿ ತೊಂದರೆ ಇಲ್ಲ ಎಂದು ಬರೆದುಕೊಡುವವರೂ ಇಲ್ಲ. ತುಟಿ ದಪ್ಪ ಮಾಡಿಸುವ ಇಂಜೆಕ್ಷನ್ನಿಗೂ ಇದೇ ಮಾತು. ಅವಸರ ಇಲ್ಲದ ಕೆಲಸ, ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ.

ನಾನು ಸುಮ್ಮನಿರಬೇಕಿತ್ತು. "ಮನೆ ಮದ್ದು ಮಾಡಿದ್ದೆ ಡಾಕ್ಟ್ರೇ, ದಿನಾ ಲಿಂಬೆಹಣ್ಣು ಸಕ್ಕರೆ ಹಾಕಿ ತಿಕ್ಕಿಸ್ತಿದ್ದೆ," ಎಂದೆ ಹೆಮ್ಮೆಯಲ್ಲಿ.

"ಒಡೆದ ತುಟಿಗೆ ಲಿಂಬೆಹುಳಿಯಾ? ಅಜ್ಜಿ, ನೀವು ನಿಮ್ಮ ತುಟಿಗೆ ತಿಕ್ಕಿ ನೋಡಿದ್ರಾ?"

ನೋಡಿರಲಿಲ್ಲ. ತುಟಿ ಒಡೆದದ್ದರಲ್ಲಿ ನನ್ನ ಪಾಲೂ ಇದೆ ಎಂದು ಹಾಗೆ ಗೊತ್ತಾಯಿತು.

ಬಸುರಿನಲ್ಲಿ ಮುಖ, ತುಟಿ ಸ್ವಲ್ಪ ಕಪ್ಪಾಗುವುದು ಇದ್ದದ್ದೇ, ಹೆರಿಗೆಯಾದ ಮೇಲೆ ಬಹಳ ಜನರಿಗೆ ತಾನಾಗಿ ತಿಳಿಯಾಗುತ್ತದೆ ಎಂದರು. ತುಟಿ ನೆಕ್ಕುವುದನ್ನು ಬಿಟ್ಟು ನೀರು ಕುಡಿಯಬೇಕು. ರಾತ್ರಿ ಮಲಗುವಾಗ ಶುದ್ಧ ತೆಂಗಿನೆಣ್ಣೆಯೋ ಪೆಟ್ರೋಲಿಯಂ ಜೆಲ್ಲಿಯೋ ತೆಳ್ಳಗೆ ಹಚ್ಚಿದರೆ ಸಾಕು. ಬಿಸಿಲಿಗೆ ಹೊರಟರೆ ಸೆರಗೋ ಕೊಡೆಯೋ ಇರಲಿ. ಬಿಳಿ ಮಾಡುವ ಕ್ರೀಮು, ಮೊಡವೆಯ ಕ್ರೀಮು ತುಟಿಯ ಹತ್ತಿರ ತರಬಾರದು. ಮದುವೆಯ ದಿನ ಒಳ್ಳೆಯ ಕಂಪನಿಯ ಮಾಮೂಲಿ ಲಿಪ್‌ಸ್ಟಿಕ್ ಹಚ್ಚಿಕೊಳ್ಳಲಿ, ಊಟಕ್ಕೆ ಮೊದಲು ಒರೆಸಲಿ. ಬಾಯಿಯ ಮೂಲೆ ಒಡೆದದ್ದು ನೋಡಿ ರಕ್ತ ಪರೀಕ್ಷೆಗೂ ಬರೆದರು. ರಕ್ತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಕೊಡುತ್ತಾರಂತೆ. ಕರವಸ್ತ್ರದಲ್ಲಿರುವ ಕಬ್ಬಿಣ ಲೆಕ್ಕಕ್ಕೆ ಬರುತ್ತದಾ ಎಂದು ನಾನು ಕೇಳಲು ಹೋಗಲಿಲ್ಲ.

ಹೊರಡುವಾಗ ಡಾಕ್ಟರಮ್ಮ ಶ್ವೇತಾಳಿಗೆ ಹೇಳಿದರು, "ಪಾರ್ಲರ್ ಇರ್ಲಿ, ಹಲ್ಲಿನ ಡಾಕ್ಟ್ರು ಇರ್ಲಿ, ಮೆಡಿಕಲ್ ಶಾಪ್ ಇರ್ಲಿ, ಬಸುರಿ ಅಂತ ಅವರು ಕೇಳುವ ಮೊದ್ಲೇ ಹೇಳ್ಬೇಕು. ಹೋದ ಸಲದ್ದು ನಿನ್ನ ತಪ್ಪಿನಿಂದ ಆದದ್ದಲ್ಲ. ಅದನ್ನೂ ಮುಚ್ಚಿಡ್ಬೇಡ."

ಬಸ್ಸಿನಲ್ಲಿ ಶ್ವೇತಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೋಟ ಬರುವ ಮೊದಲು ಬಾಯಿ ಬಿಟ್ಟಳು.

"ಹೋದ್ ವರ್ಷ ಅದ್ ಹೋದ್ ಮೂರನೇ ದಿನ ಅತ್ತೆ ಮನಿಯಂಗೆ ಪೂಜೆ ಇದ್ದಿತ್ತ್ ಅಜ್ಜಿ. ನಾನ್ ನೂರ್ ಜನಕ್ಕೆ ಬಡ್ಸಿದೆ. ಯಾರಿಗೂ ಗೊತ್ತಿರ್ಲಿಲ್ಲೆ ಅಲ್ದಾ, ಕೂಕೋ ಅಂದೇಳುಕೂ ಯಾರೂ ಇರ್ಲಿಲ್ಲೆ."

ಅವತ್ತು ನಾನು ಅವಳಿಗೆ ಫೋನಿನಲ್ಲಿ ಹೇಳಿದ್ದು ನೆನಪಿದೆ. "ಯಾರಿಗೂ ಹೇಳದೇ ಇದ್ದದ್ದೇ ಒಳ್ಳೇದಾಯ್ತ್" ಎಂದಿದ್ದೆ. ಸಮಾಧಾನ ಎಂದುಕೊಂಡು ಹೇಳಿದ್ದೆ.

ನಮ್ಮ ಕಡೆ ಉಪಕಾರವಾಯಿತು ಎಂದು ಬಾಯಲ್ಲಿ ಹೇಳುವ ರೂಢಿ ಕಡಿಮೆ. ಮಾರನೆಯ ಬೆಳಿಗ್ಗೆ ಒಳ್ಳೆಯ ಅಂಜಲ್ ಮೀನು ಒಂದನ್ನು ಕತ್ತರಿಸಿ, ತೊಳೆದು, ಪಾರ್ಲರಿಗೆ ತೆಗೆದುಕೊಂಡು ಹೋದೆ. ಎ.ಸಿ. ಕೋಣೆಗೆ ಮೀನಿನ ಬುಟ್ಟಿ ಬಂದದ್ದು ನೋಡಿ ಗಿರಾಕಿಗಳು ಮೂಗು ಮುಚ್ಚಿಕೊಂಡರು.

"ನಿನ್ನೆ ನಿಂಗೆ ಬೈದೆ," ಎಂದೆ.

"ಕೇಂಡಿತ್. ಮೆಟ್ಲ್ ಇಳಿಯುವರಿಗೂ ಬೈತಿದ್ರಿ."

"ಇದ್ ಅದಕ್ಕೆ."

"ಇನ್ನೊಂದ್ ನಾಕ್ ಸಲ ಬೈನಿ ಅಜ್ಜಿ. ಅಂಜಲ್ ತಿನ್ನದೆ ತಿಂಗ್ಳಾಯ್ತ್."

ಹೋದ ಭಾನುವಾರ ಮದುವೆ ಮುಗಿಯಿತು. ಶ್ವೇತಾಳಿಗೆ ತುಟಿಯ ಬಣ್ಣ ಹಚ್ಚಿದ್ದೂ ಪ್ರಮೀಳಾಳೇ. ಮೊದಲು ಎಣ್ಣೆ ಸವರಿ, ಬಟ್ಟೆಯಲ್ಲಿ ಒತ್ತಿ, ಮೇಲೆ ತೆಳ್ಳಗೆ ಒಂದು ಕೈ ಲಿಪ್‌ಸ್ಟಿಕ್. ಫೋಟೋದಲ್ಲಿ ಚಂದ ಬಂದಿದ್ದಾಳೆ. ಒರೆಸಿದ ಮೇಲೆ ತುಟಿ ಮತ್ತೆ ಕಪ್ಪು. ನನ್ನದೂ ಕಪ್ಪು, ನನ್ನ ಮಗಳದ್ದೂ ಕಪ್ಪು. ಆ ತುಟಿಯಲ್ಲೇ ಉಂಡಿದ್ದೇವೆ, ಜಗಳ ಮಾಡಿದ್ದೇವೆ.

ಮದುವೆಯ ಮನೆಯಲ್ಲಿ ಈ ಸಲ ಶ್ವೇತಾ ಬಡಿಸಲಿಲ್ಲ. ಹಿಂದಿನ ದಿನವೇ ಅತ್ತೆಗೆ ಬಸುರಿನ ವಿಷಯ ಹೇಳಿದ್ದಳು. ಅತ್ತೆ ಒಂದು ಕುರ್ಚಿ ತಂದು ಫ್ಯಾನಿನ ಕೆಳಗೆ ಹಾಕಿದರಂತೆ. ಆ ಹೆಂಗಸಿಗೂ ನನ್ನ ನಮಸ್ಕಾರ.

ಸೋಮವಾರ ಮಾರ್ಕೆಟಿನಲ್ಲಿ ನಾನೂ ಹೇಳಿದೆ, ಶ್ವೇತಾಳನ್ನು ಕೇಳಿಯೇ ಹೇಳಿದೆ. "ನಮ್ ಹುಡ್ಗಿ ಬಸ್ರಿ. ಮೂರ್ ತುಂಬ್ಲಿಲ್ಲೆ ಇನ್ನೂ." ನನ್ನ ಪಕ್ಕದಲ್ಲಿ ಇಪ್ಪತ್ತು ವರ್ಷದಿಂದ ಕೂತು ಬಂಗುಡೆ ಮಾರುವ ಗಿರಿಜಾ ಕತ್ತಿ ಕೆಳಗಿಟ್ಟಳು. ದೃಷ್ಟಿ ತೆಗೆಯುತ್ತಾಳೆ ಎಂದುಕೊಂಡೆ.

"ಹುಡ್ಗಿನ ಹುಷಾರಾಗಿ ಕಂಡ್ಕೋ ಅಕ್ಕಾ," ಎಂದಳು. ಬಂಗುಡೆಗೆ ನೀರು ಚಿಮುಕಿಸುತ್ತಾ, "ನಂದೊಂದ್ ಮೂರ್ ತುಂಬುಕ್ ಮೊದ್ಲೇ ಹೋಯ್ತ್, ಸಣ್ಣ ಮಗನ ಮುಂಚಿ. ಮಾರನೇ ದಿನ ಬುಟ್ಟಿ ಹೊತ್ಕಂಡ್ ಇಲ್ಲೇ ಬಂದ್ ಕೂತಿದ್ದೆ. ನಿಂಗೂ ಹೇಳ್ಲಿಲ್ಲೆ."

ನನ್ನದೂ ಎರಡು ಹೋಗಿದ್ದವು. ನಾನೂ ಅವಳಿಗೆ ಹೇಳಿರಲಿಲ್ಲ.

ಮೂರು ತಿಂಗಳು ಯಾರಿಗೂ ಹೇಳಬೇಡ ಎಂದು ಹುಡುಗಿಯರಿಗೆ ಕಲಿಸುತ್ತೇವಲ್ಲ, ಅಷ್ಟರೊಳಗೆ ಹೋಗಿಬಿಟ್ಟರೆ ಅಳುವುದಕ್ಕೆ ಅವಳು ಯಾರ ಮನೆಗೆ ಹೋಗಬೇಕು?