ಟಿವಿಯ ಆಚೆ ಒಂದು, ಈಚೆ ಒಂದು

ಮೊನ್ನೆ ದೂಳುಗಾಳಿ ನಿಂತ ಮೇಲೆ ಶೋಕೇಸ್ ಒರೆಸುತ್ತಿದ್ದೆ. ಪಿಂಗಾಣಿಯ ಜೋಡಿ ಬಾತುಕೋಳಿಗಳಲ್ಲಿ ಒಂದೇ ಕೈಗೆ ಸಿಕ್ಕಿತು. ಮಗಳು ಮೊಬೈಲ್ ಚಾರ್ಜರ್‌ಗೆ ಜಾಗ ಮಾಡಲು ಇನ್ನೊಂದನ್ನು ಆಚೆ ಮೂಲೆಗೆ ಸರಿಸಿದ್ದಳು. ಆ ಚೀನಾ ಅಕ್ಕ ನಾಲಗೆಯಲ್ಲಿ ‘ಚ್ಚ್ ಚ್ಚ್’ ಎಂದದ್ದು ಕಿವಿಯಲ್ಲೇ ಕೇಳಿದ ಹಾಗಾಯಿತು...

ಆಗ ನಾವು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದೆವು. ಇವರ ಕೆಲಸ ಅಬುಧಾಬಿಯಲ್ಲಿ. ಮಗಳ ಶಾಲೆಗಾಗಿ ನಾವಿಬ್ಬರು ದುಬೈಯಲ್ಲಿ. ವಾರಕ್ಕೊಮ್ಮೆ ಬಂದರೆ ಬಂದರು. ಇವರಿಗೆ ಹೇಗಾದರೂ ಇಲ್ಲಿಗೆ ವರ್ಗವಾಗಲಿ ಎಂದು ಪ್ರತಿ ಸಂಜೆ ಜಪಸರ ಹಿಡಿದು ಬೇಡುತ್ತಿದ್ದೆ.

ಅಕ್ಕ ಎದುರು ಫ್ಲ್ಯಾಟಿನವರು. ಅವರು ಬಟ್ಟೆ ಅಂಗಡಿಯ ಕೆಲಸದಲ್ಲಿ ಕಲಿತ, ಅರಬ್ಬಿ ಬೆರೆತ ಹರುಕುಮುರುಕು ಹಿಂದಿಯಲ್ಲೇ ನಮ್ಮ ಮಾತು. ಅವರ ಗೋಡೆ ತುಂಬ ಹಕ್ಕಿಗಳ ಚಿತ್ರ. ನನಗೋ ಕೇಳಿದಷ್ಟೂ ಸಾಲದು. ಕೊಕ್ಕರೆಯೆಂದರೆ ದೀರ್ಘಾಯುಷ್ಯವಂತೆ. ಉದ್ದ ಬಾಲದ ಕಪ್ಪು-ಬಿಳಿ ಹಕ್ಕಿ ಕೂಗಿದರೆ ಶುಭಸುದ್ದಿಯಂತೆ. ನಮ್ಮೂರಲ್ಲಿ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎಂದಾಗ, “ಕಾಗೆಯಾ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವರು ಕೊಟ್ಟ ಬಾತುಕೋಳಿಗಳನ್ನು ನಾನು ಹೂದಾನಿಗಳ ಹಾಗೆ ಟಿವಿಯ ಆಚೆ ಒಂದು, ಈಚೆ ಒಂದು ಇಟ್ಟಿದ್ದೆ. ನೋಡಿ ಹೌಹಾರಿದರು.

“ಭಾಭಿ, ಗಂಡ ಅಬುಧಾಬಿ, ಓಕೆ. ಬಾತುಕೋಳಿ ಅಬುಧಾಬಿ, ಮಾಫಿ!”

ಮಾಫಿ ಎಂದರೆ ಇಲ್ಲಿನ ಅರಬ್ಬಿಯಲ್ಲಿ ‘ಇಲ್ಲ’. ಅವು ಗಂಡ ಹೆಂಡತಿಯಂತೆ, ಅಗಲಿಸಬಾರದಂತೆ. ಎರಡನ್ನೂ ಒತ್ತಿ ಕೂರಿಸಿದರು. ಬಣ್ಣಬಣ್ಣದ್ದು ಹೆಂಡತಿ ಎಂದುಕೊಂಡಿದ್ದೆ, ಅದು ಗಂಡ! ಮಾಸಲು ಬಣ್ಣದ್ದೇ ಹೆಂಡತಿ.

“ಪಾಪ, ಅಡುಗೆಮನೆಯಿಂದ ಎದ್ದು ಬಂದಿರಬೇಕು,” ಎಂದೆ.

ಟಿವಿಯ ಮೇಲ್ಗಡೆಯೇ ನಮ್ಮ ಶಿಲುಬೆ. ಅದರ ಕೆಳಗೆ ಇಂಥದ್ದನ್ನು ಇಡಬಹುದೇ ಎಂಬ ಅಳುಕಿತ್ತು. ಕೇಳಿಯೇಬಿಟ್ಟೆ.

“ಇದು ದೇವರಲ್ಲ ಭಾಭಿ, ಹಕ್ಕಿ. ನೀನು ಬೇಡುವುದನ್ನು ನಿನ್ನ ದೇವರ ಹತ್ತಿರವೇ ಬೇಡು.”

ಮರುವರ್ಷ ಇವರಿಗೆ ವರ್ಗವಾಯಿತು. ಓಡಿಹೋಗಿ ಹೇಳಿದೆ. “ಯಲ್ಲಾ, ನಡಿ ನಡಿ, ಬಿರಿಯಾನಿ ಮಾಡು!” ಎಂದು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಆ ಖುಷಿಯಲ್ಲಿ, ನಿಮ್ಮವರು ಯಾವಾಗ ಬರುತ್ತಾರೆ ಎಂದುಬಿಟ್ಟೆ. “ಖಲಾಸ್,” ಎಂದರು ಮೆಲ್ಲಗೆ, ಮೇಲೆ ನೋಡುತ್ತ. ಬಾತುಕೋಳಿಗಳು ಅವರ ಮದುವೆಯವು...

ಅವರು ಊರಿಗೆ ಹೊರಟಾಗ ಹಿಂದೆ ಕೊಡಲು ಹೋದೆ. ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ವಾಪಸು ಇಟ್ಟರು. “ನಾನು ಒಬ್ಬಳು. ನೀವು ಇಬ್ಬರು.”

ಈಗ ನಾವು ದುಬೈಯಲ್ಲೇ, ಕರಾಮದಲ್ಲಿದ್ದೇವೆ. ಅಕ್ಕನ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ. ಮೂಲೆಯಲ್ಲಿದ್ದ ಬಾತುಕೋಳಿಯನ್ನು ಒರೆಸಿ ಜೋಡಿಯ ಪಕ್ಕಕ್ಕೆ ತಂದಿಟ್ಟೆ. ಕೋಣೆಯಿಂದ ಇವರ ಮಧ್ಯಾಹ್ನದ ಗೊರಕೆ ಕೇಳುತ್ತಿತ್ತು. ಈ ಸದ್ದಿಗಾಗಿಯೇ ಅಲ್ಲವೇ ಅಷ್ಟು ಬೇಡಿದ್ದು... ದೇವರಿಗೆ ಸ್ತೋತ್ರ. ಇದನ್ನು ಹೇಳಿಕೊಂಡು ನಗೋಣವೆಂದರೆ, ಎದುರು ಬಾಗಿಲಲ್ಲಿ ಅಕ್ಕ ಇಲ್ಲ.