ಊಟ ಆಗಿಲ್ಲ ಎಂದ ಪೋಲೆಂಡಿನವನು

ಇದನ್ನು ನಂಬದೆ ಇರಿ, ನೋಡೋಣ. ನನ್ನ ಹೆಂಡತಿಯೂ ನಂಬಲಿಲ್ಲ. ನಾನು ಏನು ಹೇಳಿದರೂ ಅರ್ಧ ಕಳೆದು ಮಿಕ್ಕಿದ್ದನ್ನು ಇಟ್ಟುಕೊಳ್ಳುವುದು ಅವಳ ಪದ್ಧತಿ. ಆದರೂ ಎಪ್ಪತ್ತು ದಾಟಿದ ಈ ಮುದುಕ ಎದೆ ತಟ್ಟಿ ಹೇಳುತ್ತಿದ್ದಾನೆ: ಆ ಬಿಳಿಯನಿಗೆ ಈ ಊರಿನಲ್ಲಿ ಒಂದು ಮನೆಯ ಬಾಗಿಲು ತೆರೆಸಿದವನು ನಾನೇ.

ಅವನು ಪೋಲೆಂಡಿನವನು. ಪೀಣ್ಯದ ಒಂದು ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದು, ಬಸವೇಶ್ವರನಗರದ ನಮ್ಮ ಮಹಡಿಯಲ್ಲಿ ಬಾಡಿಗೆಗೆ ಇದ್ದ. ಶನಿವಾರ ಬಂದರೆ ಬಾಲ್ಕನಿಯಲ್ಲಿ ಒಬ್ಬನೇ ಬಿಯರ್ ಹಿಡಿದು, ಎದುರು ಮನೆಯ ನೀರಿನ ಟ್ಯಾಂಕ್ ನೋಡುತ್ತ ಕೂರುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಲಗ್ಗೆರೆ ಕಡೆ ನಾವು ಹೋಗುವ ಬಾರಿಗೆ ಕರೆದುಕೊಂಡು ಹೋದೆ. ಕುರ್ಚಿ ಇಲ್ಲದ, ನಿಂತೇ ಕುಡಿಯುವ ಬಾರು ಅದು. ಅಷ್ಟು ದೂರ ಯಾಕೆಂದರೆ, ಅಲ್ಲಿ ನಮ್ಮ ಬೀದಿಯವರು ಯಾರೂ ಕಣ್ಣಿಗೆ ಬೀಳುವುದಿಲ್ಲ.

ಮೊದಲ ದಿನವೇ ಪಾಠ ಶುರು. ಕುಡಿಯುವ ಮುಂಚೆ ಗ್ಲಾಸಿಗೆ ಬೆರಳು ಅದ್ದಿ ನಾಲ್ಕು ಹನಿ ನೆಲಕ್ಕೆ ಚಿಮುಕಿಸಬೇಕು ಎಂದು ಕಲಿಸಿದೆ. ಇದು ನಿಜವಾದ ಪದ್ಧತಿ. ಆಮೇಲೆ ಗಂಭೀರ ಮುಖ ಮಾಡಿ ಇನ್ನೊಂದು ಸೇರಿಸಿದೆ: "ಮೊದಲ ಗುಟುಕಿಗೆ ಮುಂಚೆ ಇಲ್ಲಿರುವ ಪ್ರತಿಯೊಬ್ಬರನ್ನೂ 'ಊಟ ಆಯ್ತಾ' ಅಂತ ಕೇಳಬೇಕು. ಕೇಳದೆ ಕುಡಿದರೆ ಅವಮಾನ." ಇದು ನನ್ನ ಸ್ವಂತ ಸೃಷ್ಟಿ.

ಆರಡಿ ಎತ್ತರದ ಆಸಾಮಿ ಗ್ಲಾಸು ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಹೊರಟ. "ಊಟ ಆಯ್ತಾ? ಊಟ ಆಯ್ತಾ?" ಮಧ್ಯಾಹ್ನ ನಾಲ್ಕು ಗಂಟೆ! ಎಲ್ಲರೂ ನಗುತ್ತಾರೆ, ಇವನು ಪೆಚ್ಚಾಗಿ ವಾಪಸ್ ಬರುತ್ತಾನೆ ಎಂದುಕೊಂಡು ನಾನು ಕಂಬದ ಮರೆಗೆ ಸರಿದಿದ್ದೆ. ಆಗಿದ್ದೇ ಬೇರೆ. "ಆಯ್ತು ಸಾರ್, ನಿಮ್ದು?" ಎಂದು ಒಬ್ಬ ಬೇಯಿಸಿದ ಮೊಟ್ಟೆಯ ತಟ್ಟೆ ಮುಂದೆ ತಳ್ಳಿದ. "ಬಾ ಗುರು, ಇಲ್ಲ್ ನಿಂತ್ಕೋ" ಎಂದು ಇನ್ನೊಬ್ಬ ಜಾಗ ಬಿಟ್ಟ. ಕೆಲವೇ ವಾರಗಳಲ್ಲಿ ಅವನು ಬರುವುದು ತಡವಾದರೆ, "ಎಲ್ಲಣ್ಣ ನಿಮ್ ಪಾರ್ಟಿ?" ಎಂದು ನನ್ನನ್ನೇ ವಿಚಾರಿಸತೊಡಗಿದರು. ಕೀಟಲೆ ಮಾಡಲು ಹೋದರೂ ಒಳ್ಳೆಯದೇ ಆಗುವಂಥ ಕೈಗುಣ ನನ್ನದು.

ಆದರೆ ಒಂದು ಶನಿವಾರ ಅವನು ಕಡಲೆಬೀಜ ಮೆಲ್ಲುತ್ತ, "ನನಗೆ ಇಲ್ಲಿ ಇಷ್ಟೊಂದು ಜನ ಗೊತ್ತು. ಒಬ್ಬರ ಮನೆಯೂ ಗೊತ್ತಿಲ್ಲ" ಎಂದ. ಸದ್ಯದಲ್ಲೇ ಕಂಪನಿಗೆ ಹೇಳಿ ಊರಿಗೆ ಹೋಗಿಬಿಡುತ್ತೇನೆ ಎಂದೂ ಸೇರಿಸಿದ.

ಪಕ್ಕದಲ್ಲಿ ನನ್ನ ಹಳೆಯ ಗೆಳೆಯ ನಿಂತಿದ್ದ. ಮಲ್ಲತ್ತಹಳ್ಳಿಯವನು, ಹೊಲ ಇದ್ದ ಕಡೆ ಈಗ ಅಂಗಡಿ ಮಳಿಗೆ ಕಟ್ಟಿಸಿದ್ದಾನೆ. ಅವನ ಮೀಸೆಗೆ ಇಡೀ ಬಾರಿನಲ್ಲಿ ಸಾಟಿ ಇರಲಿಲ್ಲ, ನನ್ನದನ್ನು ಬಿಟ್ಟರೆ.

"ಬಾರ್ ದೋಸ್ತಿನ ಯಾವನೋ ಮನೇಗ್ ಕರೀತಾನೆ?" ಎಂದು ನನ್ನ ಕಡೆ ತಿರುಗಿದ. "ಎಲ್ ಪರಿಚಯ ಅಂತ ಹೆಂಡ್ತಿ ಕೇಳಿದ್ರೆ ಏನ್ ಹೇಳ್ಲಿ? ನಾನ್ ಮನೇಲಿ ಕೆರೆ ಸುತ್ತ ವಾಕಿಂಗ್ ಅಂತ ಹೇಳ್ ಬಂದಿರ್ತೀನಿ."

"ನಮ್ಮನೆ ಊಟ ತಿಂದಿಲ್ವೇನೋ ಅವ್ನು?"

"ಓನರ್ ಕೊಡೋ ಚಿತ್ರಾನ್ನ ಬಾಡಿಗೇಲೇ ಸೇರ್ಹೋಗುತ್ತೆ ಬಿಡು."

ನನಗೆ ರೇಗಿಹೋಯಿತು. ಈ ತಿಂಗಳು ಮುಗಿಯುವುದರೊಳಗೆ ಯಾರಾದರೂ ತಾವಾಗಿಯೇ ಇವನನ್ನು ಮನೆಗೆ ಊಟಕ್ಕೆ ಕರೆಯುತ್ತಾರೆ. ಕರೆಯದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ, ಕರೆದರೆ ಗೆಳೆಯನದು ಎಂದುಬಿಟ್ಟೆ. ನಾನು ಯಾರಿಗೂ ಶಿಫಾರಸು ಮಾಡುವಂತಿಲ್ಲ. ಪಂದ್ಯಕ್ಕೆ ಇಡೀ ಬಾರೇ ಸಾಕ್ಷಿ.

ತಿಂಗಳು ಸವೆಯಿತು. ಯಾರೂ ಕರೆಯಲಿಲ್ಲ. ನಾನು ಕನ್ನಡಿಯ ಮುಂದೆ ನಿಂತು ಮೇಲ್ತುಟಿಯನ್ನು ಅಂಗೈಯಲ್ಲಿ ಮುಚ್ಚಿ ನೋಡಿಕೊಂಡೆ. ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ಕಂಡೆ.

ಕೊನೆಯ ಭಾನುವಾರ ಮಧ್ಯಾಹ್ನ ಅವನನ್ನು ಕರೆದುಕೊಂಡು ವಿಜಯನಗರದ ಮಾರ್ಕೆಟ್ಟಿಗೆ ತರಕಾರಿ ತರಲು ಹೋಗಿದ್ದೆ. ಹುರುಳಿಕಾಯಿ ಗಾಡಿಯ ಮುಂದೆ ಯಾರು? ಅದೇ ಮೀಸೆ, ಪಕ್ಕದಲ್ಲಿ ಅವನ ಹೆಂಡತಿ. ನಮ್ಮನ್ನು ಕಂಡದ್ದೇ ಅವನು ಗಾಡಿಯ ಹಿಂದೆ ಬಗ್ಗಿದ. ಪೋಲೆಂಡಿನವನು ಬಿಡಬೇಕಲ್ಲ, ಮಾರ್ಕೆಟ್ಟಿಗೆಲ್ಲ ಕೇಳುವ ಹಾಗೆ ಕೂಗಿದ: "ಅಣ್ಣಾ! ಊಟ ಆಯ್ತಾ?"

"ಯಾರ್ರೀ ಇವ್ರು?" ಎಂದರು ಆಕೆ.

"ವಾಕಿಂಗ್... ವಾಕಿಂಗ್ ಫ್ರೆಂಡು ಕಣೇ."

ಆಕೆ ನಕ್ಕು, ಇವನ ಕಡೆ ತಿರುಗಿ, "ನಿಮ್ದಾಯ್ತಾಪ್ಪ ಊಟ?" ಎಂದರು.

ನಾವಾಗಿದ್ದರೆ ಏನು ಹೇಳುತ್ತಿದ್ದೆವು? ಹೊಟ್ಟೆ ಬೆನ್ನಿಗೆ ಅಂಟಿದ್ದರೂ "ಆಯ್ತು" ಎನ್ನುತ್ತಿದ್ದೆವು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ನಾನು ಅವನಿಗೆ ಪ್ರಶ್ನೆ ಕಲಿಸಿದ್ದೆ, ಉತ್ತರ ಕಲಿಸಿರಲಿಲ್ಲ. ಅವನು ನಿಜ ಹೇಳಿದ.

"ಇಲ್ಲ, ಆಂಟಿ."

ಆಕೆಯ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಗಾಡಿಗೆ ಬಿತ್ತು. "ಅಯ್ಯೋ! ಇಷ್ಟೊತ್ತಾದ್ರೂ ಊಟ ಇಲ್ವಾ? ರೀ, ನಿಮ್ ಫ್ರೆಂಡು ಹಸ್ಕೊಂಡ್ ನಿಂತವ್ರೆ, ಬಾ ಅನ್ಬಾರ್ದಾ? ನಡೀರಿ, ಮನೇಲಿ ಕೋಳಿ ಸಾರ್ ಇದೆ."

ನಾನು ಮಾತು ಆಡಲಿಲ್ಲ. ಪಂದ್ಯದ ಷರತ್ತು. ಮೀಸೆ ಮಾತ್ರ ತಿರುವಿದೆ.

ಮಲ್ಲತ್ತಹಳ್ಳಿಯ ಆ ಮನೆಯಲ್ಲಿ ಅವನು ಮುದ್ದೆಯನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿದು ಒದ್ದಾಡಿದ. "ನುಂಗಪ್ಪ, ನುಂಗು" ಎಂದು ಆಕೆ ಪಕ್ಕದಲ್ಲೇ ನಿಂತು ಕಲಿಸಿದರು. ಕೊನೆಗೆ ಮಜ್ಜಿಗೆ ಬಂತು. ಪುಣ್ಯಾತ್ಮ ಲೋಟಕ್ಕೆ ಬೆರಳು ಅದ್ದಿ, ನಾಲ್ಕು ಹನಿ ನೆಲಕ್ಕೆ ಚಿಮುಕಿಸಿದ. ಗೆಳೆಯ ನನ್ನ ತೊಡೆ ಚಿವುಟಿದ.

"ನೋಡ್ರೀ," ಎಂದರು ಆಕೆ, "ಎಲ್ಲಿಂದ್ಲೋ ಬಂದವ್ರು ಭೂಮ್ತಾಯಿಗೆ ಕೊಟ್ಟು ಕುಡೀತಾರೆ. ನೀವ್ ಒಂದಿನ ಮಾಡಿದ್ದೀರಾ?"

"ಯಾಕ್ ಮಾಡಲ್ಲ? ಶನಿವಾರ ಶನಿವಾರ ತಪ್ಪದೆ ಮಾಡ್ತೀನಿ ಕಣೇ!" ಎಂದು ರೋಷದಲ್ಲಿ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡ.

ಆಕೆ ಗಂಡನ ಲೋಟಕ್ಕೆ ಇನ್ನೊಂದು ಸೌಟು ಮಜ್ಜಿಗೆ ಸುರಿದರು. "ಗೊತ್ತು ಬಿಡಿ. ಕೆರೆ ಸುತ್ತಿ ಬಂದವ್ರ ಬಾಯಲ್ಲಿ ಅಷ್ಟೊಂದ್ ಸೋಂಪು ಇರಲ್ಲ." ಆಮೇಲೆ ಪೋಲೆಂಡಿನವನಿಗೆ ಹೇಳಿದರು: "ಮುಂದಿನ್ ಭಾನ್ವಾರಾನೂ ಬಾರಪ್ಪ."

ಅವನು ಆಮೇಲೆ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ಈಗಲೂ ನಮ್ಮ ಮಹಡಿಯಲ್ಲೇ ಇದ್ದಾನೆ. ಮುದ್ದೆ ಸಲೀಸಾಗಿ ನುಂಗುತ್ತಾನೆ. ಮರುಶನಿವಾರ ಗೆಳೆಯ ಬೋಳು ತುಟಿಯಲ್ಲಿ ಬಾರಿಗೆ ಬಂದ. ಇಡೀ ಬಾರು ಗ್ಲಾಸು ಎತ್ತಿ ನನಗೆ ಜೈ ಎಂದಿತು.

ಆ ಬೋಳು ತುಟಿ ಒಂದು ಮಾತ್ರ ಕತೆಗೆ ನಾನು ಸೇರಿಸಿದ್ದು. ಅವನ ಮೀಸೆ ಇನ್ನೂ ಹಾಗೇ ಇದೆ. ಅಂಥ ಕೋಳಿ ಸಾರು ತಿಂದ ಮೇಲೆ ಬೋಳಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಅದನ್ನು ತಿರುವುವ ಮುಂಚೆ ಅವನು ಈಗ ನನ್ನ ಅಪ್ಪಣೆ ಕೇಳುತ್ತಾನೆ. ನಾನು ಒಂದೊಂದು ಸಲ ಕೊಡುವುದಿಲ್ಲ.